ಭಾಲ್ಕಿಯಲ್ಲಿ ನಿಂತ ಕಾರು, ಔರಾದಿನಲ್ಲಿ ಕುಂತ ಹೆಣ್ಣು

ಮುಂಜಾನೆ ಎಂಟಕ್ಕೆ ಶಿವಕಾಂತ ಮಾಸ್ತರ ಕೀಲಿ ತಿರುವಿದ. ಕಾರು ಪಿಟಕ್ಕೆನ್ನಲಿಲ್ಲ. ಬೀದರಿನಿಂದ ಸೆಕೆಂಡ್ ಹ್ಯಾಂಡ್ ತಂದು ನಾಲ್ಕೇ ದಿನವಾಗಿತ್ತು.

ಹನ್ನೊಂದರೊಳಗೆ ಅವ್ವನೊಂದಿಗೆ ಔರಾದ ಮುಟ್ಟಿ ಹೆಣ್ಣು ನೋಡಬೇಕಿತ್ತು. ತಡವಾದರೆ ಹುಡುಗಿಯ ಸೋದರಮಾವ ಹೈದರಾಬಾದಿನ ಬಸ್ಸು ಹತ್ತಿಬಿಡುತ್ತಾನೆ. ಮೂವತ್ನಾಲ್ಕು ದಾಟಿದ, ಈಗಾಗಲೇ ನಾಲ್ಕು ಸಂಬಂಧ ಕೈತಪ್ಪಿದ ಮಾಸ್ತರನಿಗೆ ಇದು ಬಿಟ್ಟರೆ ಮತ್ತೊಂದಿರಲಿಲ್ಲ.

ಬಾನೆಟ್ ಎತ್ತಿದ್ದೇ ತಪ್ಪಾಯಿತು. ಬಾನೆಟ್ ಎತ್ತಿದ ಕಾರು ಸಾವಾದ ಮನೆಯಿದ್ದಂತೆ, ಯಾರನ್ನೂ ಕರೆಯಬೇಕಾಗಿಲ್ಲ.

ಮೊದಲು ಬಂದವನು ನಿವೃತ್ತ ಬಸ್ ಕಂಡಕ್ಟರ್ ಶಿವರಾಜಪ್ಪ. "ಪೆಟ್ರೋಲ್ ಅದನೇನ್ರಿ? ಮೂವತ್ತು ವರ್ಷ ಬಸ್ಸಿನ್ಯಾಗ ನಿಂತೀನಿ, ನಂಗ ವಾಸನಿ ಮ್ಯಾಲೇ ತಿಳೀತದ."

"ನಿನ್ನೆ ಫುಲ್ ಮಾಡಿಸೀನ್ರಿ!"

"ಹಂಗಾದ್ರ ಜಾಸ್ತಿ ಆಗ್ಯಾದ."

ಈ ಸಂಬಂಧ ತಂದವಳು ಎದುರುಮನೆಯ ಅನುಸೂಯಾಬಾಯಿ. ಅವಳು ಕಟ್ಟೆಯ ಮೇಲೆ ಕುಳಿತು, ಔರಾದಿನವರಿಗೆ ಫೋನಿನಲ್ಲಿ ಗಳಿಗೆಗೊಂದು ಸುದ್ದಿ ಮುಟ್ಟಿಸುತ್ತಿದ್ದಳು. "ಈಗ ಬ್ಯಾಟರಿಗಿ ಬಿಸಿನೀರು ಹಾಕಲಕತ್ತಾರ್ರಿ… ಈಗ ದೂಡಲಕತ್ತಾರ… ಇಲ್ರೀ, ಗೇರೇ ಬೀಳವಲ್ದು."

"ಅನುಸೂಯಾಬಾಯಿ, ಆ ಫೋನು ಕೆಳಗಿಡ್ರಿ ಮೊದಲು!" ಶಿವಕಾಂತನ ತಾಳ್ಮೆ ಹರಿಯಿತು. ಹೆಣ್ಣು ನೋಡಲೆಂದು ತೆಗೆದಿಟ್ಟ ಬಿಳಿ ಅಂಗಿಗೆ ಆಗಲೇ ಗ್ರೀಸ್ ಮೆತ್ತಿತ್ತು. ಇಡೀ ಓಣಿಯನ್ನೇ ಡಿಕ್ಕಿಯಲ್ಲಿ ಹಾಕಿ ಬೀಗ ಜಡಿಯಬೇಕೆನ್ನಿಸಿತು ಅವನಿಗೆ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಟ್ರ್ಯಾಕ್ಟರ್ ಮೆಕ್ಯಾನಿಕ್ ಜುಲ್ಫೀಕಾರ ಬಂದ. ಬಾನೆಟ್ ಕಡೆ ತಿರುಗಿಯೂ ನೋಡದೆ ಡ್ರೈವರ್ ಸೀಟಿನ ಬುಡದಲ್ಲಿ ತಲೆ ತೂರಿಸಿದ. ಹೊರಗೆ ಬಂದಾಗ ಅವನ ಕೈಯಲ್ಲಿ ಕುಂಕುಮ ಹಚ್ಚಿದ, ಕಲ್ಲಿನಂಥ ಹಸಿ ನಿಂಬೆಕಾಯಿ.

"ಮಾಸ್ತರ ಸಾಬ್, ಇದು ಕ್ಲಚ್ ಪೆಡಲ್ಲಿನ ಹಿಂದ ಸಿಕ್ಕೊಂಡಿತ್ತು. ಕ್ಲಚ್ ಪೂರಾ ಒತ್ತಲಿಲ್ಲಂದ್ರ ಈ ಗಾಡಿ ಸ್ಟಾರ್ಟೇ ಆಗಂಗಿಲ್ಲ."

"ಅದು ನಾನೇ ನಿನ್ನೆ ರಾತ್ರಿ ಸೀಟಿನ ಬುಡಕ ಇಟ್ಟಿದ್ದೆ," ಎಂದಳು ಅವ್ವ ಲಲಿತಾಬಾಯಿ. "ದೃಷ್ಟಿ ಆಗಬಾರದಂತ. ಅದನ್ನ ತೆಗೀಬ್ಯಾಡ್ರಿ, ಕೇಡಾಗ್ತದ!"

ಶಿವಕಾಂತ ನಿಂಬೆಕಾಯಿಯನ್ನು ಚರಂಡಿಗೆ ಎಸೆದು ಕೀಲಿ ತಿರುವಿದ. ಕಾರು ಸ್ಟಾರ್ಟ್ ಆಯಿತು, ಅವ್ವ ಹಿಂದೆ ಹತ್ತಿ ಕುಳಿತಳು. ಓಣಿಯೆಲ್ಲ ಚಪ್ಪಾಳೆ ತಟ್ಟಿತು. ಜೋರಾಗಿ ಓಡಿಸಿದರೆ ಹನ್ನೊಂದಕ್ಕೆ ಔರಾದ ಸಿಗುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಹುಡುಗಿಯ ತಂದೆ.

"ಮಾಸ್ತರ, ಬರೋದು ಬ್ಯಾಡ್ರಿ."

"ಗಾಡಿ ನಿಂತಿದ್ದು ಅಪಶಕುನ ಅಲ್ರಿ, ಬರೀ ಒಂದು ಲಿಂಬಿಕಾಯಿ…"

"ಎಲ್ಲಾ ಕೇಳೀವ್ರಿ. ನಾವು ಬಸವಣ್ಣನ ಮಂದಿ, ಶಕುನ ಗಿಕುನ ನಂಬಂಗಿಲ್ಲ. ಆದ್ರ ನಮ್ಮ ಹುಡುಗಿ ಅಂತಾಳ, ಎರಡು ತಾಸು ತನ್ನ ಕಾಲಬುಡಕ ನೋಡಲಾರದಾಂವ ನಾಳಿ ಸಂಸಾರ ಏನು ನೋಡ್ತಾನ ಅಂತ."

ಅನುಸೂಯಾಬಾಯಿ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಲ್ಲಗೆ ಒಳಗೆ ಸರಿದಳು. ಕಾರು ಮಾತ್ರ ಗುರುಗುಡುತ್ತಲೇ ಇತ್ತು.

"ನೋಡಿದೇನು?" ಹಿಂದಿನ ಸೀಟಿನಿಂದ ಲಲಿತಾಬಾಯಿ ಹಣೆ ಹಣೆ ಬಡಿದುಕೊಂಡಳು. "ಲಿಂಬಿಕಾಯಿ ತೆಗೆದು ಐದು ನಿಮಿಷ ಆಗಿಲ್ಲ!"