ನಿಂತ ಕಾರಿಗೆ ಶನಿವಾರ ಗುದ್ದಿದವರು

ಓಡುವ ಕಾರಿಗೆ ಅಪಾಯ ಎಂದು ಲೋಕ ನಂಬಿದೆ. ನನ್ನ ಅನುಭವ ಬೇರೆ. ಸಕಲೇಶಪುರದಲ್ಲಿ ಕಾರು ಇಟ್ಟುಕೊಂಡಿದ್ದ ಅಷ್ಟೂ ವರ್ಷ, ಓಡುವಾಗ ಅದಕ್ಕೆ ಒಂದು ಗೀರೂ ಬೀಳಲಿಲ್ಲ. ನಿಲ್ಲಿಸಿದಾಗೆಲ್ಲ ಯಾರಾದರೊಬ್ಬರು ಬಂದು ಗುದ್ದಿದರು.

ನಿಲ್ಲಿಸದೆ ಗತಿಯಿರಲಿಲ್ಲ. ನಾನು ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಹೆಂಡತಿ ಮಂಗಳೂರಿನ ಬ್ಯಾಂಕೊಂದರಲ್ಲಿದ್ದಳು. ಹಳಿ ಅಗಲ ಮಾಡುತ್ತೇವೆಂದು ಘಾಟಿಯ ರೈಲನ್ನು ನಿಲ್ಲಿಸಿದ್ದರು. ಅದು ಅಗಲವಾಗುವ ಹೊತ್ತಿಗೆ ನಮ್ಮ ಕೂದಲು ನೆರೆತಿತ್ತು. ಹಾಗಾಗಿ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಅವಳು ಶಿರಾಡಿ ಘಾಟಿಯ ಬಸ್ಸು ಹತ್ತುವಳು. ಭಾನುವಾರ ಊಟವಾದ ಮೇಲೆ ವಾಪಸ್ಸು. ನಮ್ಮ ಸಂಸಾರವೆಂದರೆ ನಡುವಿನ ಆ ಒಂದು ಸಂಜೆ, ಒಂದು ಬೆಳಗ್ಗೆ. ವರ್ಗಾವಣೆಗೆ ಕೊಟ್ಟ ಅರ್ಜಿ ಯಾವುದೋ ಮೇಜಿನ ಮೇಲೆ ನಮಗಿಂತ ನೆಮ್ಮದಿಯಾಗಿ ಒಂದೇ ಕಡೆ ನೆಲೆಸಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ ಕಾಯುವುದು ನನ್ನ ಕೆಲಸ. ಬಸ್ಸು ಯಾವತ್ತೂ ತಡ. ಗುದ್ದುವವರು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು.

ಆಗ ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಓದಿಕೊಂಡಿದ್ದೆ. ಕಾರನ್ನು ಕದಲಿಸಬಾರದು. ಗುದ್ದಿದ ಗಾಡಿಯ ನಂಬರ್ ಬರೆದುಕೊಳ್ಳಬೇಕು. ನೋಡಿದವರ ಹೆಸರು ಕೇಳಬೇಕು. ಪೊಲೀಸರಿಗೆ ಹೇಳಬೇಕು, ಇನ್ಶೂರೆನ್ಸಿನವರಿಗೆ ತಿಳಿಸಬೇಕು. ಇದನ್ನೆಲ್ಲ ಬರೆದ ಮಹನೀಯರ ಹೆಂಡತಿ ಶನಿವಾರದ ಬಸ್ಸಿಗೆ ಬರುವವಳಾಗಿರಲಿಲ್ಲ.

ನೋಡಿದವರು

ಮೊದಲ ಸಲ ಗುದ್ದಿದ್ದು ಒಂದು ಬಸ್ಸು. ಕಂಡಕ್ಟರ್ ಹಿಂದೆ ನಿಂತು ಬಸ್ಸಿನ ಮೈ ತಟ್ಟುತ್ತ "ಬರ್ಲಿ, ಬರ್ಲಿ, ಬರ್ಲಿ" ಎಂದ. ಬಸ್ಸು ಬಂತು. ನನ್ನ ಹಿಂದಿನ ದೀಪ ಚೂರಾಯಿತು. ಆಮೇಲೆ ಅವನು "ಹೋಲ್ಡಾನ್" ಎಂದ.

ನಾನು ನಂಬರ್ ಬರೆದುಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತ್ತು. ಸುತ್ತ ಒಂದು ಸಣ್ಣ ಜಾತ್ರೆಯೇ ನೆರೆದಿತ್ತು. ಎಲ್ಲರೂ ನೋಡಿದವರೇ. "ದಯವಿಟ್ಟು ನಿಮ್ಮ ಹೆಸರು ಹೇಳಿ" ಎಂದೆ. ಒಬ್ಬ ಮುದುಕ ಮಾತ್ರ ಉಳಿದ.

"ನಾನು ನೋಡ್ದೆ ಕಣ್ರೀ."

"ಏನು ನೋಡಿದಿರಿ?"

"ನೀವು ಕಾರು ನಿಲ್ಸದ್ನ. ಆಗ್ಲೇ ಅನ್ಕಂಡೆ, ಇದು ಇವತ್ತು ಒಡೀತದೆ ಅಂತ."

"ಹೇಳಬಾರದಿತ್ತೇ?"

"ಹೇಳಿದ್ರೆ ನೀವು ತೆಗೆದ್ಬುಡ್ತಿದ್ರಿ."

ಅಷ್ಟರಲ್ಲಿ ಹೆಂಡತಿ ಬಂದಳು. ಇಬ್ಬರೂ ಠಾಣೆಗೆ ಹೋದೆವು. ಸಾಹೇಬರು ರೌಂಡ್ಸಿಗೆ ಹೋಗಿದ್ದಾರೆ, ಕೂತಿರಿ ಎಂದರು. ಬೆಂಚಿನ ಮೇಲೆ ಕೂತು, ಅವಳು ಮಂಗಳೂರಿನಿಂದ ತಂದಿದ್ದ, ಆರಿ ಹೋದ ಗೋಳಿಬಜೆ ತಿಂದೆವು. ಸಾಹೇಬರು ಬರಲೇ ಇಲ್ಲ. ಸಂಜೆ ಅಲ್ಲೇ ಕಳೆದುಹೋಯಿತು. ನಾನು ಪೇಚಾಡಿಕೊಂಡೆ.

"ಪರವಾಗಿಲ್ಲ ಕಣ್ರೀ, ಮನೇಲಾಗಿದ್ರೆ ನೀವು ಪೇಪರ್ ಓದ್ತಾ ಕೂತಿರ್ತಿದ್ರಿ" ಎಂದಳು.

ಪರಿಹಾರ

ಮುಂದೆ ಗುದ್ದಿದವರು ಮಗ್ಗೆ ಕಡೆಯ ಒಬ್ಬ ಗೌಡರು. ಸಭ್ಯರು. ಓಡಿಹೋಗಲಿಲ್ಲ. ನೆಗ್ಗಿಹೋದ ಬಾಗಿಲನ್ನು ಒಮ್ಮೆ ಸವರಿ, ನನ್ನ ಕಡೆ ತಿರುಗಿ, "ನಿಮ್ದು ಯಾವೂರಾಯ್ತು?" ಎಂದರು.

ಈ ಸೀಮೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟವನು ಕೇಸು ಸೋತ ಹಾಗೆ. ನಾನು ಕೊಟ್ಟೆ. ನಮ್ಮ ದೊಡ್ಡಮ್ಮನ ನಾದಿನಿಯನ್ನು ಅವರ ಚಿಕ್ಕಪ್ಪನ ಮನೆಗೆ ಕೊಟ್ಟಿತ್ತು.

"ಅಯ್ಯೋ ಮಾರಾಯ, ಮೊದ್ಲೇ ಹೇಳ್ಬಾರ್ದಾ!" ಎಂದರು. ಗುದ್ದುವ ಮೊದಲೇ ನಾನು ನನ್ನ ವಂಶಾವಳಿಯನ್ನು ಗಾಜಿಗೆ ಅಂಟಿಸಿಕೊಂಡಿರಬೇಕಿತ್ತು ಎಂಬ ಧ್ವನಿಯಲ್ಲಿ.

ನಮ್ಮ ಕಡೆ ಗುದ್ದಿದವರು ದುಡ್ಡು ಕೊಡುವುದಿಲ್ಲ, ಅದು ಅವಮಾನ. ಮನೆಗೆ ಬರುತ್ತಾರೆ. ಭಾನುವಾರ ಬೆಳಗ್ಗೆ ಗೌಡರು ಒಂದು ಮೂಟೆ ಕಿತ್ತಳೆ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳೊಂದಿಗೆ ಬಂದಿಳಿದರು. ತಿಂಡಿಯಾಯಿತು, ಕಾಫಿಯಾಯಿತು. ನನ್ನವಳು ಅಕ್ಕಿರೊಟ್ಟಿ ಸುಡುತ್ತಲೇ ಇದ್ದಳು. ಅಡುಗೆಮನೆ ಬಾಗಿಲಲ್ಲಿ ಒಮ್ಮೆ ಅವಳ ಕಣ್ಣು ನನ್ನ ಕಣ್ಣು ಸೇರಿದವು. ಆ ವಾರದ ಖಾಸಗಿ ಮಾತುಕತೆ ಅಷ್ಟೇ. ಊಟ ಮುಗಿಸಿ ಗೌಡರು ಏಳುವಾಗ ಅವಳ ಬಸ್ಸಿನ ಹೊತ್ತು.

ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವಳು ಹೇಳಿದಳು: "ಇನ್ಮೇಲೆ ಯಾರಾದ್ರೂ ಗುದ್ದಿದ್ರೆ ನಂಬರ್ ಬರ್ಕೊಳ್ಳಿ, ಸಾಕು. ಮನೆ ವಿಳಾಸ ಕೊಡ್ಬೇಡಿ."

ಕಲ್ಲು

ಬಸ್ ಸ್ಟ್ಯಾಂಡಿನ ಪಕ್ಕ ನಾನು ಕಾರು ನಿಲ್ಲಿಸುತ್ತಿದ್ದ ರೈಲ್ವೆ ಸ್ಟೇಷನ್ ರಸ್ತೆ ಇಳಿಜಾರು. ನನ್ನ ಹಳೆಯ ಕಾರಿನ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಹಿಂದಿನ ಗಾಲಿಗೆ ಒಂದು ಕಲ್ಲು ಕೊಡುತ್ತಿದ್ದೆ. ಇದು ಇಲ್ಲಿ ಎಲ್ಲರೂ ಮಾಡುವ ಕೆಲಸ.

ಆ ಶನಿವಾರ ಬಸ್ಸು ಬಂತು, ಅವಳು ಇಳಿಯಲಿಲ್ಲ. ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿದೆ. ಆಡಿಟ್ ಇದೆ, ಈ ವಾರ ಬರಲಾಗುವುದಿಲ್ಲ ಎಂದಳು. ಮುಂದಿನ ವಾರ? ಅದೂ ಅನುಮಾನ ಎಂದಳು. ಅವಳ ದನಿ ಎಲ್ಲೋ ಬಾವಿಯ ತಳದಿಂದ ಬರುತ್ತಿತ್ತು.

ಆಗ ಬೂತಿನ ಗಾಜಿನಾಚೆ ಒಂದು ಪಿಕಪ್ ಬಂದು ನನ್ನ ಕಾರಿನ ಹಿಂದೆ ನಿಂತಿತು. ಡ್ರೈವರ್ ಇಳಿದ. ಸುತ್ತ ನೋಡಿದ. ನನ್ನ ಗಾಲಿಗೆ ಕೊಟ್ಟಿದ್ದ ಕಲ್ಲನ್ನು ಎತ್ತಿ ತನ್ನ ಗಾಲಿಗೆ ಕೊಟ್ಟುಕೊಂಡ. ನನ್ನ ಕಾರು ಒಂದು ಕ್ಷಣ ಯೋಚಿಸಿ, ನಿಧಾನವಾಗಿ ಹಿಂದಕ್ಕೆ ಹೊರಟಿತು.

ನಾನು ಫೋನು ಇಡಲಿಲ್ಲ.

"ಅದೇನ್ರೀ ಸದ್ದು?" ಎಂದಳು.

"ಏನಿಲ್ಲ. ನೀನು ಹೇಳು."

ಅವಳು ಹೇಳಿದಳು. ರೂಮಿನ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಆದರೆ ಕೇಳುತ್ತದೆ ಎಂದಳು. ಸೆಖೆಗೆ ನಿದ್ದೆ ಬರುವುದಿಲ್ಲ ಎಂದಳು. ಹೊರಗೆ ಪಿಕಪ್ಪಿನವನು ನನ್ನನ್ನು ಹುಡುಕುತ್ತ ಕೈ ಬೀಸುತ್ತಿದ್ದ. ನಾನು ಅವನಿಗೆ ಬೆನ್ನು ಹಾಕಿ ನಿಂತೆ.

ಕೊನೆಗೆ ಹೊರಗೆ ಬಂದಾಗ ಅವನು ಮೈಮೇಲೆ ಬಿದ್ದ: "ಏನ್ ಸಾರ್, ನಿಮ್ ಕಾರು ಬಂದು ನನ್ ಗಾಡಿಗೆ ಗುದ್ದೈತೆ!"

"ನನ್ನ ಕಲ್ಲು ಯಾಕಪ್ಪ ತೆಗೆದೆ?"

"ನನ್ ಗಾಡಿಗೆ ಹ್ಯಾಂಡ್‌ಬ್ರೇಕ್ ಇಲ್ಲ ಸಾರ್."

"ನನ್ನದಕ್ಕೂ ಇಲ್ಲ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓದ್ದೋರು ಅಂತ ನಂಬಿ ಕಲ್ಲು ತೆಗ್ದೆ ಸಾರ್. ನೀವೂ ನಮ್ಮಂಗೇ ಅಂತ ಯಾರಿಗ್ ಗೊತ್ತಿತ್ತು?"

ಬಿಸಿಲೆಯಿಂದ ಬಂದ ಜೀಪು

ಒಂದು ಮಳೆಗಾಲ ಶಿರಾಡಿಯಲ್ಲಿ ಗುಡ್ಡ ಜರಿದು ಬಸ್ಸೆಲ್ಲ ನಿಂತವು. ಚಾರ್ಮಾಡಿಯಲ್ಲೂ ಮರ ಬಿದ್ದು ದಾರಿ ಕಟ್ಟಿತ್ತು. ಆಡಿಟ್ಟು, ಜ್ವರ, ಮತ್ತೊಂದು ಎಂದು ಅವಳು ಬಂದು ಬಹಳ ವಾರಗಳಾಗಿದ್ದವು. ಬಸ್ಸಿಲ್ಲವೆಂದು ಗೊತ್ತಿದ್ದೂ ನಾನು ಶನಿವಾರ ಹೋಗಿ ಕಾರು ನಿಲ್ಲಿಸಿದೆ. ಇದಕ್ಕೆ ವೈಜ್ಞಾನಿಕ ಕಾರಣವಿಲ್ಲ.

"ಮೇಷ್ಟ್ರೇ, ಘಾಟಿ ಬಂದ್ ಆಗೈತೆ, ಯಾವ್ ಬಸ್ಸಿಗ್ ಕಾಯ್ತಿದ್ದೀರಿ?" ಎಂದ ಹೋಟೆಲಿನವನು.

"ಸುಮ್ಮನೆ" ಎಂದು ಅವನ ಹೋಟೆಲಿನಲ್ಲೇ ಕಾಫಿಗೆ ಕೂತೆ.

ಅರ್ಧ ಲೋಟ ಮುಗಿದಿರಬೇಕು, ಹೊರಗೆ ಆ ಸದ್ದು. ಅಷ್ಟು ಹೊತ್ತಿಗೆ ನನಗೆ ಅದರ ಗುರುತಿತ್ತು. ಮೈಯೆಲ್ಲ ಕೆಸರಾದ ಜೀಪೊಂದು ನನ್ನ ಕಾರಿನ ಹಿಂಭಾಗಕ್ಕೆ ಮುಖವಿಟ್ಟು ನಿಂತಿತ್ತು. ಬಿಸಿ ನೀರು ಸೋರಿ ಆವಿ ಏಳುತ್ತಿತ್ತು. ನನ್ನ ಕಾರಿನದು ಹಳೇ ಕಾಲದ ಕಬ್ಬಿಣದ ಬಂಪರು. ಒಡೆದದ್ದು ಅವನ ರೇಡಿಯೇಟರ್. ಅಷ್ಟು ವಾರಗಳ ಸಿಟ್ಟನ್ನು ಒಟ್ಟುಗೂಡಿಸಿಕೊಂಡು ಹೋದೆ.

"ಕಣ್ಣು ಕಾಣಲ್ವೇನಯ್ಯಾ? ಇಡೀ ರಸ್ತೆಯಲ್ಲಿ ಇರುವುದು ಇದೊಂದೇ ಕಾರು!"

"ಅದಕ್ಕೇ ಕಣ್ರೀ ಗುರುತು ಸಿಕ್ಕಿದ್ದು" ಎಂದಿತು ಆವಿಯೊಳಗಿನಿಂದ ಒಂದು ದನಿ.

ಹೆಂಡತಿ ಇಳಿದಳು. ಸುಬ್ರಹ್ಮಣ್ಯದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿ ಈ ಜೀಪು ಹಿಡಿದು, ಬಿಸಿಲೆ ಘಾಟಿಯ ಕೆಸರಿನಲ್ಲಿ ಅರ್ಧ ದಾರಿ ತಳ್ಳಿಕೊಂಡು ಬಂದಿದ್ದಳು. ಸೀರೆ ಮೊಣಕಾಲಿನವರೆಗೆ ಕೆಂಪಾಗಿತ್ತು.

"ನಮ್ ತಪ್ಪಿಲ್ಲ ಸಾರ್," ಎಂದ ಡ್ರೈವರ್. "'ಅದೇ ನಮ್ ಕಾರು, ಅವ್ರು ಬಂದವ್ರೆ, ನಿಲ್ಸು ನಿಲ್ಸು' ಅಂತ ಅಮ್ಮಾವ್ರು ಕೂಗ್ಕಂಡ್ರು. ನಿಲ್ಸಕ್ಕೆ ಅಂತ ಬ್ರೇಕ್ ಒತ್ತಿದೆ. ಬ್ರೇಕು ಬಿಸಿಲೆ ತಿರುವಲ್ಲೇ ಹೋಗ್ಬುಟ್ಟಿತ್ತು."

ನಾನು ನಂಬರ್ ಬರೆದುಕೊಳ್ಳಲಿಲ್ಲ.

ಮೆಕ್ಯಾನಿಕ್ ಬಂದು ಬಗ್ಗಿ ನೋಡಿದ. ಡ್ರೈವರಿಗೆ ಅವಸರ. "ನಾಳೆ ಊಟದ್ ಹೊತ್ಗೆ ಅಮ್ಮಾವ್ರನ್ನ ವಾಪಸ್ ಕರ್ಕಂಡ್ ಹೋಗ್ಬೇಕು ಮಾರಾಯ. ಬೇರೆ ಗಾಡಿ ಯಾವ್ದೂ ಆ ಕಡೆ ಇಳಿಯಲ್ಲ."

"ಬ್ರೇಕ್ ಸರಿ ಮಾಡಿ, ರೇಡಿಯೇಟರಿಗೆ ಇಲ್ಲೇ ಬೆಸುಗೆ ಹಾಕಿದ್ರೆ ಬೆಳಗ್ಗೆಗೆ ಆಗ್ತದೆ," ಎಂದ ಮೆಕ್ಯಾನಿಕ್. "ಹೊಸದಾಗಿ ಕೋರ್ ಕಟ್ಟಿಸ್ಬೇಕು ಅಂದ್ರೆ ಹಾಸನಕ್ಕೆ ಕಳಿಸ್ಬೇಕು. ನಾಲ್ಕೈದು ದಿನ ಹಿಡೀತದೆ."

"ಹಾಸನಕ್ಕೆ ಕಳಿಸು," ಎಂದೆ. "ಖರ್ಚು ನನ್ನದು."

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಸಾರ್, ಗುದ್ದಿದ್ದು ಅವ್ನು. ಗುದ್ದಿಸ್ಕಂಡಿದ್ದು ನೀವು."

"ಗೊತ್ತು. ಕೆಲಸ ಗಟ್ಟಿಯಾಗಿರಲಿ."

ಅವನು ತೀರ್ಪಿಗಾಗಿ ನನ್ನ ಹೆಂಡತಿಯ ಮುಖ ನೋಡಿದ. ಬ್ಯಾಂಕಿನವಳು, ಲೆಕ್ಕ ಬಲ್ಲವಳು, ಗಂಡನಿಗೆ ಬುದ್ಧಿ ಹೇಳಿಯಾಳು ಎಂದುಕೊಂಡಿರಬೇಕು. ಅವಳು ಸೀರೆಯ ಕೆಸರು ಕೊಡವುತ್ತ, ತಲೆ ಎತ್ತದೆ ಹೇಳಿದಳು:

"ಹಾಸನದಲ್ಲಿ ಬೇಗ ಮಾಡಿಬಿಡ್ತಾರೆ ಅನ್ನೋದಾದ್ರೆ ಬೆಂಗಳೂರಿಗೇ ಕಳಿಸಪ್ಪ."