ಅಕ್ಕನ ಬೆನ್ನಿಗೊಂದು ಚೀಲ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಏಳನೇ ಕ್ಲಾಸಿಗೆ. ಆಮೇಲೆ ಪರೀಕ್ಷೆ ಎಂಬುದಕ್ಕೆ ನಾನು ಹೆದರಿದ್ದು ಒಂದೇ ಸಲ. ಅದೂ ಪರೀಕ್ಷೆ ನನ್ನದಲ್ಲ, ನಮ್ಮ ಅಕ್ಕನದು!

ನಮ್ಮ ಅಕ್ಕನಿಗೆ ಬೆನ್ನೇ ಇರಲಿಲ್ಲ ಎಂದರೆ ನಂಬುತ್ತೀರಾ? ಇಷ್ಟು ವರ್ಷ ಅವಳಿಗೆ ಇದ್ದದ್ದು ತಲೆ ಮಾತ್ರ. ಕಡಲತಡಿಯ ನಮ್ಮೂರು ಕೋಡಿಯ ಮೀನನ್ನು ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ತಲ್ಲೂರಿನ ಮನೆಮನೆಗೆ ಮಾರಿದವಳು. ಅಕ್ಕಿ ಮೂಟೆ ತಲೆಯ ಮೇಲೆ, ಕೊಡಪಾನ ತಲೆಯ ಮೇಲೆ. ನಮ್ಮ ಮನೆಗೆ ಟಿವಿ ಬಂದದ್ದೂ ಅವಳ ತಲೆಯ ಮೇಲೆಯೇ. ರಿಕ್ಷಾದವನು ಕೇಳಿದ ಬಾಡಿಗೆ ಅವಳಿಗೆ ಸರಿಕಂಡಿರಲಿಲ್ಲ.

ಕಳೆದ ವರ್ಷ ಡಾಕ್ಟರರು ಕುತ್ತಿಗೆಯ ಮೂಳೆ ಸವೆದಿದೆ, ಇನ್ನು ತಲೆಯ ಮೇಲೆ ಹೂವಿನ ಬುಟ್ಟಿಯೂ ಬೇಡ ಎಂದರು. ನನಗೆ ಒಳಗೊಳಗೇ ಸಮಾಧಾನ. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಕರೆದೊಯ್ಯುವ ಸ್ವಂತ ಜೀಪು ನನ್ನದು, ಬೆವರು ಸುರಿಸಿ ಮಾಡಿದ್ದು. ಅಂಥವನ ಅಕ್ಕ ಬಿಸಿಲಲ್ಲಿ ಮೀನು ಮಾರುತ್ತಾಳೆ ಎಂದು ನಾಲ್ಕು ಜನ ಆಡಿಕೊಂಡರೆ ನನ್ನ ಮೀಸೆಗೆ ಏನು ಬೆಲೆ?

ಅಕ್ಕ ಮನೆಯಲ್ಲಿ ಕೂತಳು. ಅವಳು ಕೂತ ಮನೆಯಲ್ಲಿ ಬೇರೆ ಯಾರೂ ಕೂರುವಂತಿಲ್ಲ! ಬೆಳಿಗ್ಗೆ ತೊಳೆದ ಪಾತ್ರೆಯನ್ನು ಮಧ್ಯಾಹ್ನ ಮತ್ತೆ ತೊಳೆದಳು. ನನ್ನ ಹೆಂಡತಿಯ ಬಸಳೆ ಚಪ್ಪರವನ್ನು ಬಿಚ್ಚಿ, ಸೊಟ್ಟ ಎಂದು ಹೊಸದಾಗಿ ಕಟ್ಟಿದಳು; ಅದು ಇನ್ನೂ ಸೊಟ್ಟವಾಯಿತು. ಕೊನೆಗೆ ಡಾಕ್ಟರರ ಹತ್ತಿರ ಹೋಗಿ, ತಲೆ ಬೇಡ ಸರಿ, ಬೆನ್ನು ಆಗಬಹುದಾ ಎಂದು ಕೇಳಿಯೇಬಿಟ್ಟಳು. ಭಾರ ಸೊಂಟದ ಮೇಲೆ ಕೂರುವಂಥ ಚೀಲವಾದರೆ, ಸಾಮಾನು ಹಗುರವಾದರೆ, ಹೊತ್ತು ನಡೆದು ನೋಡಿ, ಕುತ್ತಿಗೆ ಹಿಡಿದರೆ ಅಲ್ಲಿಗೇ ನಿಲ್ಲಿಸಿ ಎಂದು ಅವರು ಹೇಳಿದರಂತೆ.

ನಡೆದು ನೋಡಿ ಎಂದರೆ ನೀವೋ ನಾನೋ ಆದರೆ ಅಂಗಳದಲ್ಲಿ ನಡೆಯುತ್ತೇವೆ. ಅಕ್ಕ ಆರಿಸಿದ್ದು ಕೊಡಚಾದ್ರಿಯನ್ನು! ದೊಡ್ಡ ದೊಡ್ಡ ಚೀಲ ಬೆನ್ನಿಗೇರಿಸಿ ಬೆಟ್ಟ ಹತ್ತುವ ಹುಡುಗಿಯರನ್ನು ಅವಳು ಕೊಲ್ಲೂರಿನಲ್ಲಿ ನೋಡಿದ್ದಳು.

"ಹತ್ತಿ ಇಳ್ದ್ ಬತ್ತೆ," ಎಂದಳು. "ಕುತ್ಗಿ ನೋವ್ ಬಂದ್ರೆ ನಾನೇ ಹೇಳ್ತೆ, ಮತ್ ವ್ಯಾಪಾರದ ಸುದ್ದಿ ಎತ್ತೂದಿಲ್ಲ. ಬರ್ಲಿಲ್ಲ ಅಂದ್ರೆ ನೀ ಬಾಯಿ ಮುಚ್ಕಂಡ್ ಇರ್ಕ್."

ಒಪ್ಪಿದೆ. ಒಪ್ಪಿದ ಮೇಲೆ ಈ ಪರೀಕ್ಷೆಗೆ ಹೆದರಿಕೆ ಶುರುವಾಯಿತು. ನಮ್ಮ ಅಕ್ಕ ನೋವು ಎಂಬ ಮಾತನ್ನೇ ಆಡಿದವಳಲ್ಲ. ಮೀನಿನ ಮುಳ್ಳು ಅಂಗೈಯಲ್ಲಿ ಮುರಿದಾಗಲೂ ತುರಿಸುತ್ತದೆ ಎಂದಿದ್ದಳು! ಇಂಥವಳು ಬೆಟ್ಟದ ನಡುವೆ ನಿಜ ಹೇಳುತ್ತಾಳೆಯೇ?

ಚೀಲದ ಬೇಟೆ ಬೈಂದೂರಿನಿಂದ ಶುರುವಾಯಿತು. ಅಂಗಡಿಯವನು ಗಂಡಸರ ಚೀಲವೊಂದನ್ನು ತೊಡಿಸಿದ. ಸೊಂಟಕ್ಕೆ ಬಿಗಿಯಬೇಕಾದ ಪಟ್ಟಿ ತೊಡೆಗೆ ಬಂತು. "ಇದನ್ನ್ ನಾ ಹೊರೂದಲ್ಲ ಮಾರಾಯ, ಇದೇ ನನ್ನನ್ನ್ ಹೊತ್ಕಂಡ್ ಹೋತ್ತ್," ಎಂದು ಅಕ್ಕ ಕಳಚಿಟ್ಟಳು. ಬ್ರಹ್ಮಾವರದಲ್ಲಿ ಅಗ್ಗದ ಚೀಲಗಳು ಬೇಕಾದಷ್ಟಿದ್ದವು, ಎಲ್ಲವೂ ಶಾಲೆಯ ಮಕ್ಕಳವು. ಸೊಂಟದ ಪಟ್ಟಿಯೇ ಇಲ್ಲ. ಹೆಗಲ ಪಟ್ಟಿ ಸರಿಯಾಗಿ ಕುತ್ತಿಗೆಯ ಬುಡವನ್ನೇ ಒತ್ತುತ್ತಿತ್ತು. ಬೇರೆಲ್ಲೂ ಜಾಗವಿಲ್ಲದವರ ಹಾಗೆ!

ಕುಂದಾಪುರದ ಅಂಗಡಿಯಲ್ಲಿದ್ದ ಹುಡುಗಿ ಮಾತ್ರ ಮೊದಲು ಟೇಪು ತೆಗೆದಳು. ಕುತ್ತಿಗೆಯ ಉಬ್ಬಿದ ಮೂಳೆಯಿಂದ ಸೊಂಟದ ಮೂಳೆಯವರೆಗೆ ಅಳೆದು, ಬೆನ್ನು ಗಿಡ್ಡ ಎಂದಳು. ತನ್ನ ಬೆನ್ನನ್ನು ಇದುವರೆಗೆ ಯಾರೂ ಅಳೆದಿಲ್ಲ, ಅಳೆದವರು ಗಿಡ್ಡ ಅನ್ನುವುದಾ ಎಂದು ಅಕ್ಕನಿಗೆ ಸಿಟ್ಟು. ಹೆಂಗಸರಿಗೆಂದೇ ಮಾಡಿದ ನೇರಳೆ ಬಣ್ಣದ ಚೀಲವೊಂದು ಒಳಗಿನಿಂದ ಬಂತು. ಯಾರಿಗೂ ಬಣ್ಣ ಹಿಡಿಸದೆ ಉಳಿದ ಹಳೆ ಸ್ಟಾಕು, ಅದಕ್ಕೇ ದರ ಅರ್ಧಕ್ಕರ್ಧ ಕಡಿಮೆ. ಹುಡುಗಿ ಅದರೊಳಗೆ ತಲೆದಿಂಬು ತುರುಕಿ ಕೊಟ್ಟಳು. ಹತ್ತಿ ಹೊರಲು ಇಷ್ಟು ದೂರ ಬರಬೇಕಿತ್ತೇ ಎಂದು ಅಕ್ಕ ನನ್ನನ್ನು ಪಕ್ಕದ ದಿನಸಿ ಅಂಗಡಿಗೆ ಓಡಿಸಿ ಅಕ್ಕಿ ತರಿಸಿದಳು.

ಅಕ್ಕಿ ತುಂಬಿತು. ಜಿಪ್ಪು ಹಾಕಿದ್ದೇ ತಡ, ಅಕ್ಕ ಎರಡೂ ಕೈಯಲ್ಲಿ ಚೀಲವನ್ನೆತ್ತಿ ನೇರ ತಲೆಯ ಮೇಲಿಟ್ಟುಕೊಂಡಳು!

ನಾನು ಹಾರಿ ಹಿಡಿಯದಿದ್ದರೆ ಪರೀಕ್ಷೆ ಅಲ್ಲೇ ಮುಗಿಯುತ್ತಿತ್ತು. ಅಕ್ಕನ ಮುಖವೂ ಬಿಳಿಚಿತು. ಅವಳು ಬೇಕೆಂದು ಎತ್ತಿದ್ದಲ್ಲ, ಕೈಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಆಮೇಲೆ ಬೆನ್ನಿಗೆ ಹಾಕಿಸಿಕೊಂಡು ರಸ್ತೆಯಲ್ಲಿ ಬಸ್ ನಿಲ್ದಾಣದವರೆಗೆ ನಡೆದಳು. ಸೀರೆಯ ಮೇಲೆ ಸೊಂಟದ ಪಟ್ಟಿ ಜಾರುತ್ತದೆ ಎಂಬುದೊಂದನ್ನು ಬಿಟ್ಟರೆ ಚೀಲ ಮೈಗೆ ಹೊಲಿದಂತೆ ಕೂತಿತ್ತು. ಅದಕ್ಕೂ ಉಪಾಯವಾಯಿತು. ಮರುದಿನ ನನ್ನ ಹೆಂಡತಿಯ ಚೂಡಿದಾರ ತೊಟ್ಟು, ಅದೇ ಅಕ್ಕಿಚೀಲ ಬೆನ್ನಿಗೇರಿಸಿ ಹೊರಟವಳನ್ನು ನೋಡಿ ನಾನು ನಗಲಿಲ್ಲ. ನಗುವ ಧೈರ್ಯ ಯಾರಿಗಿತ್ತು?

ಜೀಪನ್ನು ಬೆಟ್ಟದ ಕೆಳಗೆ ನಿಲ್ಲಿಸಿ ಅಕ್ಕನ ಹಿಂದೆ ನಡೆದೆ. ಊರಿನವರನ್ನೆಲ್ಲ ಮೇಲೆ ಹತ್ತಿಸುವವನಿಗೆ ಸ್ವಂತ ಅಕ್ಕನಿಂದ ಬಾಡಿಗೆ ಹುಟ್ಟಲಿಲ್ಲವಲ್ಲ ಎಂದು ಬೇರೆ ಜೀಪಿನವರು ಕಿಚಾಯಿಸಿದರು. ನನ್ನ ಕಣ್ಣು ಅವಳ ಕುತ್ತಿಗೆಯ ಮೇಲೆಯೇ ಇತ್ತು. ಕಂಬದ ಹಾಗೆ ನೆಟ್ಟಗೆ ನಡೆಯುತ್ತಿದ್ದಳು. ಏರು ಕಡಿದಾದಂತೆ ಚೀಲ ಅವಳನ್ನು ಹಿಂದಕ್ಕೆ ಜಗ್ಗುತ್ತಿತ್ತು. ಬಂಡೆಯೊಂದರ ಮೇಲೆ ಕಾಲಿಟ್ಟವಳು ಹಿಂದಕ್ಕೆ ವಾಲಿದಳು. ಚೀಲವನ್ನು ಎರಡು ಕೈಯಲ್ಲಿ ಆನಿಸಿ ಹಿಡಿದೆ. ಪಕ್ಕದಲ್ಲಿ ಕಣಿವೆ.

ಮುಂದಕ್ಕೆ ಬಗ್ಗಿ ನಡೆ ಎಂದೆ.

"ಬಗ್ಗುಕ್ ಆಪುದಿಲ್ಲ," ಎಂದಳು. "ಬಗ್ಗಿರೆ ಮೀನ್ ಬೀಳ್ತ್."

"ಅಕ್ಕ, ತಲೆ ಮೇಲೆ ಮೀನ್ ಇಲ್ಲ."

ಅಕ್ಕ ಸೊಂಟದ ಪಟ್ಟಿ ಬಿಗಿದು, ಹೆಗಲದ್ದನ್ನು ಸ್ವಲ್ಪ ಸಡಿಲಿಸಿ, ಯಾರಾದರೂ ನೋಡುತ್ತಾರೇನೋ ಎಂಬಂತೆ ಅತ್ತಿತ್ತ ನೋಡಿ, ನಿಧಾನಕ್ಕೆ ಮುಂದೆ ಬಗ್ಗಿದಳು. ಮತ್ತೆ ಕಾಲು ಜಾರಲಿಲ್ಲ.

ಮೇಲೆ ತಲುಪಿ ನೋವಿದೆಯಾ ಎಂದು ಕೇಳಿದೆ. ಅವಳ ಕೈ ಕುತ್ತಿಗೆಯ ಕಡೆಗೆ ಹೋಯಿತು. ಮುಗಿಯಿತು ಎಂದುಕೊಂಡೆ. ಬೆವರು ಒರಸಿ ಕೈ ಕೆಳಗಿಳಿಯಿತು. ಅಷ್ಟರಲ್ಲಿ ಹುಡುಗಿಯೊಬ್ಬಳು ಚೀಲವನ್ನು ಒಂದೇ ಹೆಗಲಿಗೆ ಜೋತುಹಾಕಿಕೊಂಡು ಏದುಸಿರು ಬಿಡುತ್ತಾ ಬಂದಳು.

"ಹ್ವಾಯ್, ಇಲ್ ಬಾ ಹೆಣ್ಣೇ," ಎಂದು ಅಕ್ಕ ಕರೆದು, ಅವಳ ಪಟ್ಟಿ ಸರಿಮಾಡಿ, "ಮನೇಲ್ ಇವತ್ತ್ ಎಂತ ಪದಾರ್ಥ?" ಎಂದು ಕೇಳಿದಳು.

ಮನೆಮನೆಯ ಬಾಗಿಲಲ್ಲಿ ಬುಟ್ಟಿ ಇಳಿಸಿ ಅವಳು ಮೊದಲು ಕೇಳುತ್ತಿದ್ದದ್ದು ಇದನ್ನೇ, ಊಟಕ್ಕೆ ಏನು ಸಾರು ಎಂದು. ಮನೆಯಲ್ಲಿ ಕೂತ ಅಷ್ಟು ತಿಂಗಳಲ್ಲಿ ಯಾರನ್ನೂ ಕೇಳಿರಲಿಲ್ಲ. ನಾನು ಅವಳ ಭಾರ ಇಳಿಸಿದೆ ಎಂದುಕೊಂಡಿದ್ದೆ.

ಕೆಳಗಿಳಿದು ಜೀಪಿನ ಹತ್ತಿರ ಬಂದ ಮೇಲೆ ಅವಳೇ ಬಾಯಿಬಿಟ್ಟಳು.

"ನೋವಿತ್ತ್. ಮೊಣಕಾಲಲ್ಲಿ, ಜೋರೇ ಇತ್ತ್. ಕುತ್ಗಿಗ್ ಎಂತದೂ ಇಲ್ಲ."

ಹುಟ್ಟಿದಂದಿನಿಂದ ಮೊದಲ ಸಲ ನೋವು ಎಂದಿದ್ದಳು. ಕುತ್ತಿಗೆಯ ಮಾತನ್ನು ನಂಬಲು ನನಗೆ ಅಷ್ಟು ಸಾಕಾಯಿತು. ಡಾಕ್ಟರರೂ ನೋಡಿ, ಹಗುರದ್ದಾದರೆ ಆಗಬಹುದು ಎಂದರು. ಈಗ ಅಕ್ಕ ಚೀಲದಲ್ಲಿ ಒಣ ಚಟ್ಲಿ, ಅಂದರೆ ಸಿಗಡಿ, ತುಂಬಿಕೊಂಡು ತಲ್ಲೂರಿಗೆ ಹೋಗುತ್ತಾಳೆ, ಸ್ವಲ್ಪ ಮುಂದಕ್ಕೆ ಬಗ್ಗಿ.

ಸದ್ಯ ನನಗಿರುವುದು ಒಂದು ಜೀಪು, ಕೋಡಿಯಲ್ಲೊಂದು ಹೆಂಚಿನ ಮನೆ, ಹೆಂಡತಿ, ಇಬ್ಬರು ಮಕ್ಕಳು, ಮತ್ತು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಊರಿನ ಸುದ್ದಿಯೆಲ್ಲ ಹೊತ್ತು ಬರುವ ಒಬ್ಬಳು ಅಕ್ಕ.