ತಿಪ್ಪೇರುದ್ರಪ್ಪನ ಗಂಟಲು ರೇಡಿಯೋ

"ಯಾರೂ ಕೆಮ್ಮಬ್ಯಾಡ್ರಿ! ಪೆಟಿಗಿ ಭಾಳ ನಾಜೂಕೈತಿ!" ಎಂದು ತಿಪ್ಪೇರುದ್ರಪ್ಪ ಕೂಗಿದ. ಕೂಗಿದ ರಭಸಕ್ಕೆ ತಾನೇ ಕೆಮ್ಮಿದ.

ಶೇಂಗಾ ಉಂಡಿ ಕಟ್ಟುತ್ತಿದ್ದ ಹಂಪಮ್ಮ ಬೆಲ್ಲದ ಕೈಯಲ್ಲೇ ಪಕ್ಕದ ಮನೆಯ ಅಂಗಳಕ್ಕೆ ಬಂದಳು. ತಿಪ್ಪೇರುದ್ರಪ್ಪ ಕರೆದಾಗ ಹೋಗದಿದ್ದರೆ ಆತನಿಗೆ ಕಷ್ಟ, ಹೋದರೆ ಹೋದವರಿಗೆ ಕಷ್ಟ. ಒಂದು ಕಾಲದಲ್ಲಿ ಸಂಡೂರು ಕಡೆಯ ಮದುವೆಗಳಿಗೆಲ್ಲ ಮೈಕ್ ಸೆಟ್ ಕಟ್ಟುತ್ತಿದ್ದ ಮನುಷ್ಯ. ಈಗ ಕೈಗೆ ಕೆಲಸವಿಲ್ಲದೆ ತಲೆಗೆ ಕೆಲಸ ಕೊಟ್ಟಿದ್ದ. ಹೋದ ವರ್ಷ ಆತ ಮಾಡಿದ ರೊಟ್ಟಿ ತಟ್ಟುವ ಯಂತ್ರ ಮೊದಲನೇ ರೊಟ್ಟಿಯನ್ನು ಎಷ್ಟು ಹುರುಪಿನಿಂದ ತಟ್ಟಿತೆಂದರೆ, ರೊಟ್ಟಿ ಹೆಂಚು ದಾಟಿ, ಗೋಡೆ ದಾಟಿ, ಹಂಪಮ್ಮನ ಆಕಳ ಕೊಂಬಿಗೆ ಹೋಗಿ ಸಿಕ್ಕಿಕೊಂಡಿತ್ತು. ಆ ಆಕಳು ಇವತ್ತಿಗೂ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಕೊಟ್ಟಿಗೆಯ ಮೂಲೆ ಸೇರುತ್ತದೆ.

"ಇದು ಗಾಡಿ ರೇಡಿಯೋ, ಹಂಪವ್ವ. ಒಂದು ಪೆಟಿಗಿ ಒಂದು ಜೀಪಿಗೆ, ಇನ್ನೊಂದು ಇನ್ನೊಂದಕ್ಕ. ಇತ್ಲಾಗ ಮಾತಾಡಿದ್ರ ಅತ್ಲಾಗ ಕೇಳ್ತೈತಿ!"

"ಪೊಲೀಸ್ ಗಾಡಿನ್ಯಾಗ ಇರ್ತೈತಲ್ಲ ಕಾಕಾ, ಅದಾ?"

"ಅದರಪ್ಪ! ಅದಕ್ಕ ಗುಂಡಿ ಒತ್ತಬೇಕು. ಕೈ ಗುಂಡಿಗೆ ಹೋದ್ರ ಘಾಟಿನ್ಯಾಗ ಸ್ಟೇರಿಂಗ್ ಹಿಡಿಯಾವರು ಯಾರು? ನನ್ನ ರೇಡಿಯೋಕ್ಕ ಗುಂಡೀನ ಇಲ್ಲ. ಈ ಪಟ್ಟಿ ಕುತ್ತಿಗಿಗೆ ಕಟ್ಟಿಕೊಂಡ್ರ ಸಾಕು. ಮಾತು ಗಂಟಲಿಗೆ ಬಂದಿದ್ದ ತಡ, ಗಬಕ್ಕನ ಹಿಡೀತೈತಿ!"

ಹೇಳಿದವನೇ ಪಟ್ಟಿಯನ್ನು ಹೆಂಡತಿ ಓಬಮ್ಮನ ಕೊರಳಿಗೆ ಕಟ್ಟಿದ. ಓಬಮ್ಮನ ಬಾಯಿ ತುಂಬ ಎಲೆ ಅಡಿಕೆ ಇತ್ತು. ಆಕೆ ತುಟಿ ಅಲ್ಲಾಡಿಸಲಿಲ್ಲ. ಆದರೆ ಪೆಟ್ಟಿಗೆ ಗೊರಗೊರ ಎಂದು ಮದುವೆ ಮೈಕಿನ ಧಾಟಿಯಲ್ಲಿ ಶುರುಮಾಡಿತು:

"ಹಲೋ, ಹಲೋ... ಈ ಮುದುಕ ಕರದ್ರ ಊಟಕ್ಕ ಬರಂಗಿಲ್ಲ, ಕರೀಲಿಲ್ಲ ಅಂದ್ರ ಸಿಟ್ಟಾಗ್ತಾನ! ಸಾರು ಎಷ್ಟು ಸಲ ಬಿಸಿ ಮಾಡ್ಲಿ?"

ಹಂಪಮ್ಮ ಬೆಲ್ಲದ ಕೈಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ತಿಪ್ಪೇರುದ್ರಪ್ಪನಿಗೆ ಬೈಗುಳ ಕೇಳಿಸಲೇ ಇಲ್ಲ. "ದನಿ ಎಷ್ಟು ಸ್ವಚ್ಛ ಬಂತು, ನೋಡಿದೇನು?" ಎಂದು ಬೀಗಿದ. ಆಮೇಲೆ ಪೆಟ್ಟಿಗೆಯ ಮೂಲೆಯಲ್ಲಿದ್ದ ತಿರುಗಣಿ ತೋರಿಸಿದ. "ಇದಕ್ಕ ನಾಚಿಕಿ ತಿರುಗಣಿ ಅಂತ ಹೆಸರಿಟ್ಟೀನಿ. ಒಂದಕ್ಕಿಟ್ರ ಬಾಯಿಂದ ಆಡಿದ ಮಾತಷ್ಟ ಹೋಗ್ತೈತಿ. ಎರಡಕ್ಕಿಟ್ರ ನಾಲಿಗಿ ತುದೀದು. ಹತ್ತಕ್ಕಿಟ್ರ..."

"ಹತ್ತಕ್ಕಿಟ್ರ?"

"ಹತ್ತಕ್ಕ ಇಡಬಾರ್ದು."

ಹಂಪಮ್ಮನ ನಗು ಅಲ್ಲಿಗೇ ನಿಂತಿತು. ಆ ಎರಡು ಪೆಟ್ಟಿಗೆಗಳ ಮೇಲೆ ಆಕೆ ಹೊರಿಸಿದ್ದ ಆಸೆ ಸಣ್ಣದಲ್ಲ.

ಸಂಗತಿ ಹೀಗಿತ್ತು. ಗುಬ್ಬಿಗುಡ್ಡ ಅಂದರೆ ಎರಡು ಊರು, ಕೆಳಗಿನದೊಂದು, ಮೇಲಿನದೊಂದು. ನಡುವೆ ಒಂದೇ ಗಾಡಿಗಾಗುವಷ್ಟು ಅಗಲದ ಘಾಟಿ. ಅಲ್ಲಿ ಮೊಬೈಲಿಗೆ ಉಸಿರಿಲ್ಲ. ಬೆಳಿಗ್ಗೆ ಕೆಳಗಿನಿಂದ ಜೀಪು ಹತ್ತಿಸುವವನು ಹಂಪಮ್ಮನ ಗಂಡ ಎರ್ರಿಸ್ವಾಮಿ. ಮೇಲಿನಿಂದ ಹಾಲಿನ ಕ್ಯಾನು, ಜನ ಎಲ್ಲ ತುಂಬಿಕೊಂಡು ಇಳಿಸುವವನು ಆಕೆಯ ತಮ್ಮ ಹೊನ್ನೂರಪ್ಪ. ಹೋದ ದೀಪಾವಳಿಯ ಹೊತ್ತಿಗೆ ಎಮ್ಮೆ ತಿರುವಿನಲ್ಲಿ ಇಬ್ಬರೂ ಎದುರುಬದುರಾದರು. "ನಾನು ಭಾವ. ಹಿಂದಕ್ಕ ತಗೋ" ಎಂದ ಇವನು. "ಗಾಡಿಗೆ ಭಾವ ಯಾರು, ಮೈದುನ ಯಾರು? ನೀನ ತಗೋ" ಎಂದ ಅವನು. ಇಬ್ಬರೂ ಎಂಜಿನ್ ಆರಿಸಿ ಪೇಪರ್ ಓದುತ್ತಾ ಕೂತರು. ಅಂದಿನಿಂದ ಮಾತಿಲ್ಲ.

ದಿನವೂ ಅದೇ ತಿರುವು, ಅದೇ ಪೇಪರ್. ಪಾಪ, ಪ್ರಯಾಣಿಕರೇ ಒಂದು ಪದ್ಧತಿ ಮಾಡಿಕೊಂಡರು. ಈ ಜೀಪಿನವರು ಇಳಿದು ಆ ಜೀಪು ಹತ್ತುವುದು, ಆ ಜೀಪಿನವರು ಈ ಜೀಪು. ಹತ್ತುವ ಮೊದಲು ಎಲ್ಲರೂ ಸೇರಿ "ಐಸಾ!" ಎಂದು ಎರಡೂ ಜೀಪುಗಳ ಹಿಂಭಾಗ ಎತ್ತಿ, ಬಂದ ದಿಕ್ಕಿಗೇ ತಿರುಗಿಸಿ ನಿಲ್ಲಿಸುವುದು. ಗುಬ್ಬಿಗುಡ್ಡದಲ್ಲಿ ಬೆನ್ನುನೋವಿಲ್ಲದ ಮನುಷ್ಯ ಉಳಿದಿರಲಿಲ್ಲ.

ಇದೆಲ್ಲ ಹೋಗಲಿ. ನಾಡಿದ್ದು ನಾಗರ ಪಂಚಮಿ. ತಮ್ಮ ಬಂದು "ಅಕ್ಕಾ, ಬಾ" ಎಂದು ಕರೆಯದೆ ತವರಿಗೆ ಹೋಗುವುದು ಹೇಗೆ? ಅವನ ಬೆನ್ನಿಗೆ ಹಾಲು ಹಚ್ಚದೆ ಪಂಚಮಿ ಆಗುವುದು ಹೇಗೆ? ಎಲ್ಲಿದ್ದೇನೆಂದು ದಿನಾ ರೇಡಿಯೋದಲ್ಲಿ ಹೇಳಿಕೊಂಡರೆ ಎದುರುಬದುರಾಗುವುದೇ ಇಲ್ಲ, ಎದುರಾಗದಿದ್ದರೆ ಜಗಳವಿಲ್ಲ, ಜಗಳವಿಲ್ಲದಿದ್ದರೆ ತಮ್ಮ ಬಂದಾನು. ಹಂಪಮ್ಮನ ಲೆಕ್ಕ ಇಷ್ಟು. ರೇಡಿಯೋ ಹಾಕಿಸಿಕೊಳ್ಳದವನಿಗೆ ಉಂಡಿ ಇಲ್ಲ ಎಂದು ಗಂಡನಿಗೂ ತಮ್ಮನಿಗೂ ಹೇಳಿ ಕಳಿಸಿದ್ದಳು. ಉಂಡಿಯ ವಿಷಯದಲ್ಲಿ ಇಬ್ಬರೂ ಒಂದೇ ಪಕ್ಷ. ಒಪ್ಪಿದರು.

ಸರ್ಕಾರದ ಪರವಾನಗಿ ಬರುವ ತನಕ ತಿಪ್ಪೇರುದ್ರಪ್ಪ ಪೆಟ್ಟಿಗೆಗಳಿಗೆ ಬೀಗ ಹಾಕಿಟ್ಟಿದ್ದ. ಬಂದ ಕೂಡಲೇ ಮೇಲಿನ ಊರಿಗೆ ಹೋಗಿ ಹೊನ್ನೂರಪ್ಪನ ಜೀಪಿಗೆ ಕೂರಿಸಿ ಬಂದ. ಈಗ ಎರ್ರಿಸ್ವಾಮಿಯ ಸರದಿ.

"ಆಂಟೆನಾಕ್ಕ ಮ್ಯಾಲಿನ ತಗಡಿನ ನಟ್ಟನಡುವ ತೂತು ಹೊಡೀಬೇಕು" ಎಂದ ತಿಪ್ಪೇರುದ್ರಪ್ಪ, ಡ್ರಿಲ್ ಎತ್ತಿ.

"ತೂತಾ?" ಎರ್ರಿಸ್ವಾಮಿ ಜೀಪಿಗೆ ಅಡ್ಡ ನಿಂತ. ಮಗಳ ಮೂಗು ಚುಚ್ಚಿಸುವಾಗಲೂ ಆತನ ಕಣ್ಣಲ್ಲಿ ಇಷ್ಟು ನೀರು ಬಂದಿರಲಿಲ್ಲ. "ಮೂಲ್ಯಾಗ ಎಲ್ಲಾರ ಕಟ್ಟು ಕಾಕಾ!"

"ಮೂಲ್ಯಾಗ ಕಟ್ಟಿದ್ರ ಮೂಲೀಗಷ್ಟ ಕೇಳ್ತೈತಿ!"

ಕಡೆಗೆ ಅಯಸ್ಕಾಂತದ ಬುಡವಿರುವ ಆಂಟೆನಾ ತಗಡಿನ ನಡುವೆ ಕಚ್ಚಿಕೊಂಡು ನಿಂತಿತು. ಪೆಟ್ಟಿಗೆಯನ್ನು ಸೀಟಿನ ಮೇಲೆ ಇಟ್ಟರಾಗದೇ ಎಂದು ಎರ್ರಿಸ್ವಾಮಿ ಕೇಳಿದ್ದಕ್ಕೆ, "ಬ್ರೇಕ್ ಹಾಕಿದ್ರ ನಿನ್ನ ಮೂಗಿಗೆ ಬಂದು ಕೂಡ್ತೈತಿ" ಎಂದು ಗದರಿ, ಮೊಣಕಾಲಿಗೆ ತಾಗದ ಹಾಗೆ ನಾಲ್ಕು ಸ್ಕ್ರೂ ಜಡಿದ. ತಂತಿಯನ್ನು ಪೆಡಲುಗಳಿಂದ ದೂರ ಸರಿಸಿದ. ತಗಡಿನ ಅಂಚು ಕೊರೆಯದಂತೆ ರಬ್ಬರ್ ಉಂಗುರದೊಳಗೆ ತೂರಿಸಿ, ನೇರ ಬ್ಯಾಟರಿಗೇ ಒಯ್ದ. ಬ್ಯಾಟರಿಯಿಂದ ಒಂದು ಗೇಣಿನೊಳಗೆ, ಕೆಂಪು ತಂತಿಯ ನಡುವೆ ಒಂದು ಪುಟ್ಟ ಗಾಜಿನ ಫ್ಯೂಸ್ ಕೂರಿಸಿದ.

"ಇಷ್ಟು ಸಣ್ಣದು ಏನು ಮಾಡ್ತೈತಿ?" ಎಂದಳು ಹಂಪಮ್ಮ.

"ಇದು ಮನ್ಯಾಗಿನ ಹಿರೀ ಸೊಸಿ ಇದ್ದಂಗವ್ವ. ಸಿಟ್ಟು ಹೆಚ್ಚಾತು ಅಂದ್ರ ಮೊದಲು ತಾನು ಸುಡ್ತಾಳ, ಮನಿ ಉಳಿಸ್ತಾಳ. ಹೊಗಿ ಗಿಗಿ ಕಂಡ್ರ ಮೊದಲು ಬ್ಯಾಟರಿ ತಂತಿ ಕೀಳ್ರಿ, ಆಮ್ಯಾಲ ನನ್ನ ಬೈರಿ. ಇನ್ನೊಂದು ಮಾತು, ಆಂಟೆನಾ ಯಾರೂ ಮುಟ್ಟಬ್ಯಾಡ್ರಿ! ಅದರ ಉದ್ದ ಕೂದಲೆಳಿ ಹೆಚ್ಚುಕಮ್ಮಿ ಆದ್ರೂ ಇದಕ್ಕ ಸಿಟ್ಟು ಬರ್ತೈತಿ."

ಮೀಟರ್ ಹಚ್ಚಿ ನೋಡಿದ. ಮುಳ್ಳು ಜಾಣನಂತೆ ನಿಲ್ಲಬೇಕಾದಲ್ಲಿ ನಿಂತಿತು. ತಿರುಗಣಿಯನ್ನು ಒಂದಕ್ಕಿಟ್ಟು, ಸಾರು ನಾಲ್ಕನೇ ಸಲ ಬಿಸಿಯಾಗುವ ಮೊದಲು ಊಟಕ್ಕೆ ಹೋದ.

ಅಲ್ಲಿಗೆ ಎಲ್ಲವೂ ಸರಿಯಾಗಿತ್ತು. ಆದರೆ ಗಾಡಿಗೆ ಹೊಸ ಅಂಗ ಬಂದಿದೆ, ಪೂಜೆ ಮಾಡದೆ ಬಿಡಲಾಗುತ್ತದೆಯೇ?

ಹಂಪಮ್ಮ ಅರಿಶಿನ ಕುಂಕುಮ ಹಚ್ಚಿದಳು, ನಿಂಬೆಹಣ್ಣು ಇಟ್ಟಳು. ಬೋಳಾಗಿ ನಿಂತ ಆಂಟೆನಾ ನೋಡಿ ಕರುಳು ಚುರ್ ಎಂದಿತು. ಮುಟ್ಟಬಾರದು ಎಂದಿದ್ದಾನೆ, ನಿಜ. ಆದರೆ ದೇವರ ಕೆಲಸಕ್ಕೆ ಮುಟ್ಟಿದರೆ ಅದು ಮುಟ್ಟಿದ ಹಾಗಲ್ಲ! ಗಣೇಶನ ಹಬ್ಬದಿಂದ ತೆಗೆದಿಟ್ಟಿದ್ದ ಮಿರಮಿರ ಮಿಂಚುವ ಜರತಾರಿ ಹಾರವನ್ನು ಆಂಟೆನಾದ ತುದಿಯಿಂದ ಬುಡದ ತನಕ ಸುತ್ತಿದಳು. ಹಾರ ಇನ್ನೂ ಉಳಿಯಿತು. ಅದನ್ನು ಕಿಟಕಿಯೊಳಗೆ ಎಳೆದು, ಪ್ರಯಾಣಿಕರ ತಲೆಯ ಮೇಲೆ ತೋರಣ ಕಟ್ಟಿ, ಕೊನೆಯ ಗಂಟನ್ನು ಕನ್ನಡಿಗೆ ಹಾಕಿದಳು. ಜೀಪು ಮದುಮಗನ ಹಾಗೆ ಕಂಡಿತು.

ಎರ್ರಿಸ್ವಾಮಿ ಪಟ್ಟಿ ಕಟ್ಟಿಕೊಂಡು "ಹಲೋ" ಎಂದ. ಟಪ್! ಪುಟ್ಟ ಗಾಜು ಕಪ್ಪಾಯಿತು.

"ಹಿರೀ ಸೊಸಿ ಹೋದ್ಲು!" ಹಂಪಮ್ಮ ಎದೆ ಹಿಡಿದುಕೊಂಡಳು. "ಕಾಕಾನ ಕರೀತೀನಿ."

"ಇಷ್ಟಕ್ಕ ಯಾಕ ಅವನ್ನ ಕರೀತಿ? ಮತ್ತ ಒಂದು ತಾಸು ಭಾಷಣ ಮಾಡ್ತಾನ" ಎಂದು ಎರ್ರಿಸ್ವಾಮಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಹರಿದು, ಸುರುಳಿ ಸುತ್ತಿ, ಫ್ಯೂಸ್ ಇದ್ದ ಜಾಗಕ್ಕೆ ತುರುಕಿದ. ಪೆಟ್ಟಿಗೆ ದೀಪ ಹೊತ್ತಿತು. "ನೋಡಿದೇನು? ನಮ್ಮದೂ ಒಂದು ವಿಜ್ಞಾನ ಐತಿ!"

ಪಂಚಮಿಯ ಬೆಳಿಗ್ಗೆ ತಮ್ಮ ಬರಲಿಲ್ಲ. ಹಂಪಮ್ಮ ಉಂಡಿಯ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ಎಮ್ಮೆ ತಿರುವಿನ ತನಕ ಹೋಗುವುದು. ಅವನು ಒಂದೇ ಒಂದು ಸಲ ಕರೆದರೆ ಮೇಲಿನ ಊರಿಗೆ, ಕರೆಯದಿದ್ದರೆ ಅಲ್ಲಿಂದಲೇ ವಾಪಸ್. ಉಂಡಿ ಮಂಗಗಳಿಗೆ.

ಮೊದಲ ಏರಿನಲ್ಲಿ ವೈಪರ್ ತಾನೇ ಓಡಾಡತೊಡಗಿತು. ಎರಡನೇ ಏರಿನಲ್ಲಿ ಡೀಸೆಲ್ ಮುಳ್ಳು ತುಂಬಿದ ಟ್ಯಾಂಕು ತೋರಿಸಿತು. "ಇದು ಲಾಭದ ರೇಡಿಯೋ!" ಎಂದು ಎರ್ರಿಸ್ವಾಮಿ ಖುಷಿಪಟ್ಟ. ಮೂರನೇ ಏರಿನಲ್ಲಿ ಹಾರ್ನ್ ತಾನೇ ತಾಳಬದ್ಧವಾಗಿ ಕೂಗಿತು. ಆಮೇಲೆ ನಾಚಿಕೆ ತಿರುಗಣಿ ತನ್ನಷ್ಟಕ್ಕೆ ತಾನು ಕಟಕಟ ತಿರುಗಿ ಹತ್ತಕ್ಕೆ ಹೋಗಿ ಕೂತಿತು. ತಲೆಯ ಮೇಲಿನ ಜರತಾರಿ ಹಾರ ಸಣ್ಣಗೆ ಜುಮ್ಮೆಂದಿತು.

"ಹಲೋ, ಹಲೋ... ಈ ಪಕ್ಕದವನ ಚಪ್ಪಲಿ ನಾತಕ್ಕ ನನ್ನ ಜೀವಾನ ಹೋಗ್ತೈತಿ!" ಎಂದಿತು ಪೆಟ್ಟಿಗೆ, ಹಿಂದೆ ಕೂತಿದ್ದ ಸಾಲಮ್ಮಜ್ಜಿಯ ದನಿಯಲ್ಲಿ. ಅಜ್ಜಿ ತುಟಿ ಬಿಚ್ಚಿರಲಿಲ್ಲ!

"ಯಾರಿಗಂದಿ ಬೇ ಅಜ್ಜಿ?" ಎಂದು ಪಕ್ಕದ ಟೇಲರ್ ಗವಿಸಿದ್ದ ಎದ್ದ.

"ನಾನೆಲ್ಲಿ ಅಂದೆ? ಹಾರ ಅಂತು!"

ಅಷ್ಟರಲ್ಲಿ ಗವಿಸಿದ್ದನ ದನಿ ಮೊಳಗಿತು: "ಹಲೋ, ಹಲೋ... ಅಜ್ಜಿ ಕುಬುಸದ ಬಟ್ಟಿ ಕತ್ತರಿಸಿ ಕೆಡಿಸೀನಿ, ಹೆಂಗ ಹೇಳ್ಲಿ?"

ಜೀಪಿನಲ್ಲಿ ಗದ್ದಲವೋ ಗದ್ದಲ! ಎಲ್ಲರೂ ಎರಡೂ ಕೈಯಿಂದ ಗಂಟಲು ಮುಚ್ಚಿಕೊಂಡು ಕೂತರು. ಕೆಳಗಿನ ಊರಲ್ಲಂತೂ ಓಬಮ್ಮನ ಮಿಕ್ಸರ್ ಚಟ್ನಿ ಅರೆಯುವುದನ್ನು ಬಿಟ್ಟು ಕುಬುಸದ ವಿಷಯ ಹೇಳಿತು. ಹಿಟ್ಟಿನ ಗಿರಣಿ ಚಪ್ಪಲಿಯ ವಿಷಯ ಹೇಳಿತು. ತಿಪ್ಪೇರುದ್ರಪ್ಪ ತಟ್ಟೆಯ ಮುಂದಿನಿಂದ ಎದ್ದು, ಮೊಪೆಡ್ ಹತ್ತಿ ಘಾಟಿಯ ಕಡೆ ಬಿಟ್ಟ. ಐದನೇ ಸಲ ಬಿಸಿಯಾದ ಸಾರು ಅಲ್ಲೇ ಉಳಿಯಿತು.

ಎಮ್ಮೆ ತಿರುವು ಬಂತು. ಎದುರಿಗೆ ಹೊನ್ನೂರಪ್ಪನ ಜೀಪು. ಎರಡೂ ಎಂಜಿನ್ ಆರಿದವು. ಎರಡೂ ಪೇಪರ್ ಬಿಚ್ಚಿಕೊಂಡವು. ಹಂಪಮ್ಮ ತಮ್ಮನ ಮುಖ ಹುಡುಕಿದಳು. ಪೇಪರಿನ ಮೇಲೆ ಎರಡು ಕಣ್ಣಷ್ಟೇ ಕಂಡವು.

"ಹಲೋ, ಹಲೋ..." ಎಂದಿತು ಎರ್ರಿಸ್ವಾಮಿಯ ಪೆಟ್ಟಿಗೆ, ಹೊನ್ನೂರಪ್ಪನ ದನಿಯಲ್ಲಿ. "ಭಾವನ ತಲಿ ಎಷ್ಟು ಬೆಳ್ಳಗಾಗೈತಿ!"

ಎದುರಿನ ಪೇಪರ್ ಮೇಲೇರಿ ಆ ಎರಡು ಕಣ್ಣನ್ನೂ ಮುಚ್ಚಿತು. ಹೊನ್ನೂರಪ್ಪನ ಪೆಟ್ಟಿಗೆ ಎರ್ರಿಸ್ವಾಮಿಯ ದನಿಯಲ್ಲಿ ಉತ್ತರ ಕೊಟ್ಟಿತು: "ಹಲೋ, ಹಲೋ... ಈ ಹುಡುಗ ಸೊರಗ್ಯಾನ. ಹೊಟ್ಟಿಗೆ ಸರಿಯಾಗಿ ಉಣ್ಣಂಗಿಲ್ಲೇನು? ಅವತ್ತ ನಾನ ಹಿಂದಕ್ಕ ತಗೋತಿದ್ದೆ. ಕುತ್ತಿಗಿ ಹಿಡಕೊಂಡಿತ್ತು! ಹಿಂದ ತಿರುಗಿ ನೋಡಾಕ ಆಗ್ತಿರ್ಲಿಲ್ಲ, ಹೆಂಗ ಹೇಳ್ಲಿ?"

ಎರ್ರಿಸ್ವಾಮಿ ಗಂಟಲಪಟ್ಟಿ ಕಿತ್ತೆಸೆದ. ಏನು ಪ್ರಯೋಜನ? ತಲೆಯ ಮೇಲೆ ಹಾರವಿತ್ತಲ್ಲ!

"ಹಲೋ, ಹಲೋ... ನನಗ ರಿವರ್ಸ್ ಗೇರ್ ಬೀಳ್ತಿರ್ಲಿಲ್ಲ!" ಎಂದಿತು ಈ ಕಡೆಯ ಪೆಟ್ಟಿಗೆ, ಮತ್ತೆ ಹೊನ್ನೂರಪ್ಪನ ದನಿಯಲ್ಲಿ. "ಗಾಡಿಗೆ ಹೊಸ ಬಣ್ಣ ಹೊಡಿಸಿ ಊರೆಲ್ಲ ಹೊಗಳಿಕೊಂಡಿದ್ದೆ. ಹಿಂದಕ್ಕ ಹೋಗಂಗಿಲ್ಲ ಅಂತ ಭಾವನ ಮುಂದ ಹೆಂಗನ್ಲಿ? ಇವತ್ತಿಗೂ ಬೀಳಂಗಿಲ್ಲ!"

ಎರಡೂ ಜೀಪಿನ ಜನ ಒಮ್ಮೆಗೇ ತಮ್ಮ ತಮ್ಮ ಸೊಂಟ ಹಿಡಿದುಕೊಂಡರು. "ಇದಕ್ಕಾ? ಇದಕ್ಕಾ ನಾವು ದಿನಾ ಜೀಪ್ ಎತ್ತಿದ್ದು?"

ಆಗ ಪೆಟ್ಟಿಗೆಯಿಂದ ಇನ್ನೊಂದು ದನಿ ಬಂತು. ಎಲ್ಲರ ದನಿಗಿಂತ ಮೆಲ್ಲಗಿತ್ತು. "ಹಲೋ, ಹಲೋ... ಉಂಡಿ ಕಟ್ಟಿದ ಕೈ ಇನ್ನೂ ಆರಿಲ್ಲ. ಒಂದು ಸಲ 'ಅಕ್ಕಾ, ಬಾ' ಅಂದ್ರ ನಿನ್ನ ಬಾಯಿ ಸವೀತೈತೇನೋ, ತಮ್ಮಾ?"

ಎಲ್ಲರೂ ಹಂಪಮ್ಮನ ಕಡೆ ತಿರುಗಿದರು. ಆಕೆ ಡಬ್ಬಿಯ ಮುಚ್ಚಳ ನೋಡುತ್ತಾ ಕೂತಿದ್ದಳು. ನೋಡುತ್ತಿದ್ದ ಹಾಗೇ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಬಾನೆಟ್ಟಿನಿಂದ ಹೊಗೆ!

"ಬೆಳ್ಳಿ ಕಾಗದ! ಬ್ಯಾಟರಿ ತಂತಿ ಕೀಳ್ರಿ ಮೊದಲು!" ಎಂದು ಕೂಗುತ್ತಾ ಆಕೆ ಕೆಳಗೆ ಹಾರಿ, ಎಲ್ಲರನ್ನೂ ಇಳಿಸಿದಳು. ಎರ್ರಿಸ್ವಾಮಿ ಒಂದು ಕಡೆಯಿಂದ ಬಾನೆಟ್ ಎತ್ತಿದ, ಹೊನ್ನೂರಪ್ಪ ಇನ್ನೊಂದು ಕಡೆಯಿಂದ ಸ್ಪ್ಯಾನರ್ ಹಿಡಿದು ಓಡಿ ಬಂದ. ಇಬ್ಬರೂ ತಲೆಗೆ ತಲೆ ಢಿಕ್ಕಿ ಹೊಡೆದುಕೊಂಡು ತಂತಿ ಬಿಚ್ಚಿದರು. ಪೆಟ್ಟಿಗೆ "ಹಲೋ, ಹ..." ಎಂದು ಸುಮ್ಮನಾಯಿತು. ಹೊಗೆ ಇಳಿಯಿತು.

ಈಗ ಆಡಿದರೆ ಬಾಯಿಂದಲೇ ಆಡಬೇಕು.

ಹೊನ್ನೂರಪ್ಪ ಕೈಯ ಮಸಿಯನ್ನು ಅಂಗಿಗೆ ಒರೆಸಿದ. ಭಾವನನ್ನು ನೋಡಿದ, ನೆಲ ನೋಡಿದ.

"ಅಕ್ಕಾ, ಬಾ" ಎಂದ.

"ಅಂಗಿ ತಗಿ" ಎಂದಳು ಹಂಪಮ್ಮ.

"ಇಲ್ಲೇನು? ಜನ ನೋಡ್ತಾರ!"

"ಒಂಬತ್ತು ತಿಂಗಳಿಂದ ಜನ ನೋಡಿದ್ದು ಸಾಲದೇನು? ತಗಿ!"

ಕ್ಯಾನಿನಿಂದ ಬೊಗಸೆ ಹಾಲು ತೆಗೆದು, ಎಮ್ಮೆ ತಿರುವಿನ ನಟ್ಟನಡುವೆ ತಮ್ಮನ ಬೆನ್ನಿಗೆ ಹಚ್ಚಿದಳು. ಅವನು ತಣ್ಣಗಾಯಿತೆಂದು ಹುಡುಗನಂತೆ ಕಿರುಚಿದ. ಎರ್ರಿಸ್ವಾಮಿ ಯಾರೂ ಕೊಡುವ ಮೊದಲೇ ಡಬ್ಬಿಗೆ ಕೈ ಹಾಕಿ, ಒಂದು ಉಂಡಿಯನ್ನು ಮೈದುನನ ಬಾಯಿಗೆ ತುರುಕಿ, ಇನ್ನೊಂದನ್ನು ತಾನು ತಿಂದ.

ಅಷ್ಟರಲ್ಲಿ ಮೊಪೆಡ್ ಏದುಸಿರು ಬಿಡುತ್ತಾ ಬಂತು. ತಿಪ್ಪೇರುದ್ರಪ್ಪ ಕಪ್ಪಾದ ಬೆಳ್ಳಿ ಕಾಗದ ನೋಡಿದ, ಆಂಟೆನಾದ ಹಾರ ನೋಡಿದ. "ನನ್ನ ರೇಡಿಯೋಕ್ಕ ಸೀರಿ ಉಡಿಸಿದವರು ಯಾರು?"

ಹಂಪಮ್ಮ ಆತನ ಬಾಯಿಗೂ ಒಂದು ಉಂಡಿ ಹಾಕಿದಳು. ಅದು ಗಟ್ಟಿ ಉಂಡಿ. ಬಯ್ಯಲು ಬಹಳ ಹೊತ್ತು ಆಗಲಿಲ್ಲ.

ಮಾರನೆಯ ದಿನ ಹೊಸ ಫ್ಯೂಸ್ ಬಂತು, ಹಾರ ದೇವರ ಕೋಣೆಗೆ ಹೋಯಿತು, ತಿರುಗಣಿಯನ್ನು ಒಂದಕ್ಕೆ ಇಟ್ಟು ಮೇಲೆ ಅರಗು ಹಚ್ಚಿದ್ದಾಯಿತು. ಹೊನ್ನೂರಪ್ಪನ ರಿವರ್ಸ್ ಗೇರೂ ರಿಪೇರಿಯಾಯಿತು. ಅಂದಿನಿಂದ ರೇಡಿಯೋ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದರೆ, ಜೀಪು ಹೊರಟ ಗಳಿಗೆಯಿಂದ ಭಾವ ಮೈದುನರ ಮಾತು ನಿಲ್ಲುವುದೇ ಇಲ್ಲ. ಒಂಬತ್ತು ತಿಂಗಳ ಬಾಕಿ! ಎಮ್ಮೆ ತಿರುವು ಬರುವ ಹೊತ್ತಿಗೆ ಮಾತು ಒಳ್ಳೇ ರಂಗಿಗೆ ಬಂದಿರುತ್ತದೆ. ಅಲ್ಲಿ ಎಂಜಿನ್ ಆರಿಸಿ, ಕಲ್ಲಿನ ಮೇಲೆ ಎದುರುಬದುರು ಕೂತು ಮುಂದುವರಿಸುತ್ತಾರೆ.

ಜನ ಇಳಿದು, "ಐಸಾ!" ಎಂದು ಜೀಪು ಎತ್ತಿ ತಿರುಗಿಸುತ್ತಾರೆ.

"ಸಿಟ್ಟಿದ್ದಾಗ ಪೇಪರ್ ಮುಗಿಯೂದರಾಗ ಹೊರಡ್ತಿದ್ರು" ಎನ್ನುತ್ತಾಳೆ ಸಾಲಮ್ಮಜ್ಜಿ, ಸೊಂಟ ಒತ್ತಿಕೊಂಡು. "ಈಗ ಅದೂ ಇಲ್ಲ."